ಈ ಊಟ ಯಾವ ಪಕ್ಷದ್ದು?

ಚುನಾವಣೆ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದೇ ಹೋಗುವುದಿಲ್ಲ. ಹಿಂದೊಮ್ಮೆ ಮತ ಕೇಳಲು ಬಂದವರಿಗೆ ನಮ್ಮ ಕೇರಿಯ ಬಾವಿಯ ನೀರನ್ನೇ ಲೋಟದಲ್ಲಿ ಕೊಟ್ಟೆ. ಬೇಸಿಗೆಯಲ್ಲಿ ಅದು ಉಪ್ಪುನೀರು. ಒಂದು ಗುಟುಕು ಕುಡಿದು ಹೋದವರು ಮುಂದಿನ ಚುನಾವಣೆಯವರೆಗೆ ತಿರುಗಿ ಬರಲಿಲ್ಲ. ಕುಡಿಯದಿದ್ದರೂ ಬರುತ್ತಿರಲಿಲ್ಲ, ಆ ಮಾತು ಬೇರೆ.

ನಾನು ಹೊನ್ನಾವರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಉಳಿದದ್ದನ್ನು ವಾಚನಾಲಯದ ಪೇಪರುಗಳಿಂದ, ಕಚೇರಿಗಳ ಬಾಗಿಲಲ್ಲಿ ಕಾಯುವಾಗ ಗೋಡೆಗೆ ಅಂಟಿಸಿದ್ದ ನೋಟೀಸುಗಳಿಂದ ಕಲಿತೆ. ನೀರಿಗೆ, ರಸ್ತೆಗೆ, ಬಸ್ಸಿಗೆ ಧರಣಿ ಕೂತಿದ್ದೇನೆ. ಒಂದು ಪಕ್ಷದವರು ನನ್ನನ್ನು ಎದುರು ಪಕ್ಷದವನೆನ್ನುತ್ತಾರೆ, ಎದುರು ಪಕ್ಷದವರು ಇವರವನೆನ್ನುತ್ತಾರೆ. ಎರಡೂ ಕಡೆ ಬೈಸಿಕೊಳ್ಳುವ ಸೌಭಾಗ್ಯ ಊರಲ್ಲಿ ನನಗೊಬ್ಬನಿಗೇ. ಆದರೆ ಈ ಸಲ ಬರೆಯುತ್ತಿರುವುದು ಕೆಲವರ ಉಪಕಾರ ನೆನೆಯಲು. ನಡುವೆ ಬೈಗುಳ ಬಂದರೆ ಅದು ಅಭ್ಯಾಸಬಲ.

ಈ ಸಲ ಚುನಾವಣೆ ಘೋಷಣೆಯಾದ ವಾರವೇ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಎರಡನೇ ಮದುವೆ. ಮೊದಲ ಗಂಡ ತೀರಿಕೊಂಡು ಹನ್ನೆರಡು ವರ್ಷ. ಅವಳಿಗೀಗ ನಲವತ್ತು, ಕರ್ಕಿಯ ನಮ್ಮ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಾಳೆ. ವರ ಹಿರೇಗುತ್ತಿಯವರು, ಬಸ್ ಡ್ರೈವರ್, ಹೆಂಡತಿಯನ್ನು ಕಳೆದುಕೊಂಡವರು. ಅವರಿಬ್ಬರೂ ಒಪ್ಪಿದ್ದರು, ನಮ್ಮಮ್ಮ ಒಪ್ಪಿದ್ದಳು. ಒಪ್ಪದೇ ಇದ್ದದ್ದು ಜಾತಿಯ ಹಿರಿಯರು. ಮದುವೆ ನಡೆದರೆ ನಮ್ಮ ಮನೆಗೆ ಬಹಿಷ್ಕಾರ ಎಂದು ಸುದ್ದಿ ಹಬ್ಬಿಸಿದರು. ಬಹಿಷ್ಕಾರ ಎಂದರೆ ಈಗಿನ ಕಾಲದಲ್ಲಿ ಯಾರೂ ಡಂಗುರ ಸಾರುವುದಿಲ್ಲ. ಊಟಕ್ಕೆ ಕರೆಯುವುದಿಲ್ಲ, ಕರೆದರೆ ಬರುವುದಿಲ್ಲ, ಅಷ್ಟೇ. ತಂಗಿ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: "ನಾ ಮದುವೆಯಾಗಿ ಹೋದ ಮೇಲೆ ಅಮ್ಮನ ಹತ್ರ ಮಾತಾಡೂಕೆ ಯಾರಾದ್ರೂ ಇರ್ತಾರಾ ಅಣ್ಣಾ?"

ಒಂದೇ ಬೆಂಚು

ನನ್ನ ದೊಡ್ಡಪ್ಪ ಒಂದು ಪಕ್ಷದ ಬೂತ್ ಅಧ್ಯಕ್ಷರು. ನನ್ನ ಸೋದರಮಾವ ಎದುರು ಪಕ್ಷದ ಬೂತ್ ಅಧ್ಯಕ್ಷರು. ಹಿಂದಿನ ಚುನಾವಣೆಯಿಂದ ಇಬ್ಬರಿಗೂ ಮಾತಿಲ್ಲ. ಕ್ಷೌರದ ಅಂಗಡಿಯಲ್ಲಿ ಒಬ್ಬರು ಕೂತಿದ್ದರೆ ಇನ್ನೊಬ್ಬರು ಗಡ್ಡ ಸವರಿಕೊಂಡು ವಾಪಸು ಹೋಗುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ಜೊತೆಯಾಗಿ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತರು.

"ಎಂತ ತಮ್ಮಾ, ಕೇಳಿದ್ದು ಖರೆಯಾ?" ದೊಡ್ಡಪ್ಪ ಶುರು ಮಾಡಿದರು.

"ಖರೆ."

"ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ಇಲ್ಲ."

"ನಮ್ಮ ಮನೆತನದಲ್ಲೂ ಇಲ್ಲ," ಎಂದರು ಸೋದರಮಾವ.

"ನಿಮ್ಮಿಬ್ಬರದ್ದೂ ಒಂದೇ ಮಾತಾಯ್ತಲ್ಲ," ಎಂದೆ.

"ಇದು ರಾಜಕೀಯ ಅಲ್ಲ ಮಾರಾಯ, ಸಂಸ್ಕಾರ," ಎಂದ ದೊಡ್ಡಪ್ಪ ಸ್ವಲ್ಪ ತಗ್ಗಿದರು. "ಮಾಡೂದೇ ಆದ್ರೆ ಚುನಾವಣೆ ಮುಗಿದ ಮೇಲೆ ನೋಡುವ. ಈಗ ಮಾಡಿದ್ರೆ ಮತ ಒಡೀತದೆ."

"ಯಾರ ಮತ?"

"ನಮ್ದು," ಎಂದರು ಇಬ್ಬರೂ ಒಟ್ಟಿಗೇ.

ನನಗೆ ಮೈಯೆಲ್ಲ ಉರಿಯಿತು. ಊರಿಗೆ ಸಿಹಿನೀರು ಬೇಕೆಂದಾಗ ಒಂದಾಗಲಿಲ್ಲ, ಹೆದ್ದಾರಿ ದಾಟಲು ಮಕ್ಕಳಿಗೊಂದು ದಾರಿ ಬೇಕೆಂದಾಗ ಒಂದಾಗಲಿಲ್ಲ. ಒಬ್ಬ ಹೆಂಗಸು ಎರಡನೇ ಸಲ ತಾಳಿ ಕಟ್ಟಿಸಿಕೊಳ್ಳುತ್ತಾಳೆ ಎಂದ ಕೂಡಲೇ ಎರಡು ಪಕ್ಷ ಒಂದಾಯಿತು. ಇದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಚಹಾ ತಂದು ಇಬ್ಬರ ನಡುವೆ ಇಟ್ಟಳು.

"ಇಬ್ಬರನ್ನೂ ಒಟ್ಟಿಗೆ ನೋಡಿ ಕಣ್ಣು ತಂಪಾಯ್ತು," ಎಂದಳು. "ಇದರಿಂದ ಇಷ್ಟು ಆಗ್ತದೆ ಅಂತ ಗೊತ್ತಿದ್ದಿದ್ರೆ ನೀವು ಮಾತು ಬಿಟ್ಟ ವರ್ಷವೇ ಇವಳ ಮದುವೆ ಮಾಡ್ತಿದ್ದೆ."

ಮನೆವಿಷಯಕ್ಕೆ ಮೈಕು

ಮುಂದಿನ ಹೆಜ್ಜೆಯಾಗಿ ಹಿರಿಯರು, ಇವರಿಬ್ಬರನ್ನೇ ಮುಂದಿಟ್ಟುಕೊಂಡು, ಸಮುದಾಯ ಭವನದಲ್ಲಿ ಸಭೆ ಕರೆದರು. ಮೈಕು, ಕುರ್ಚಿ ಎಲ್ಲ ಹೇಳಿಯಾಗಿತ್ತು. ಬಹಿಷ್ಕಾರವನ್ನು ಅಲ್ಲಿ ಎಲ್ಲರೆದುರು ಗಟ್ಟಿ ಮಾಡುವ ಲೆಕ್ಕ. ನಾನು ನೋಟೀಸು ಓದಿ ಕಲಿತವನಲ್ಲವೇ, ತಹಶೀಲ್ದಾರ್ ಕಚೇರಿಗೆ ಹೋಗಿ ಕೇಳಿದೆ: ನೀತಿ ಸಂಹಿತೆ ಇರುವಾಗ ಇಬ್ಬರು ಬೂತ್ ಅಧ್ಯಕ್ಷರು ಮೈಕು ಹಾಕಿ ಸಭೆ ಮಾಡಬಹುದೇ? ಅಲ್ಲಿನ ಗುಮಾಸ್ತರು ವಾರದಿಂದ ನಿದ್ದೆ ಮಾಡಿರಲಿಲ್ಲ. ಆದರೂ ಸಿಟ್ಟಾಗದೆ, "ಅವರನ್ನೇ ಕಳಿಸಿ, ಅರ್ಜಿ ಕೊಡಲಿ," ಎಂದರು.

ಮೈಕಿಗೆ ಅನುಮತಿ ಬೇಕೆಂದು ತಿಳಿದು ಇಬ್ಬರೂ ಬಂದರು. ನಾನು ಬೇರೆ ಕೆಲಸವಿದ್ದವನ ಹಾಗೆ ಕಿಟಕಿಯ ಪಕ್ಕ ನಿಂತೆ.

"ಸಭೆಯ ಉದ್ದೇಶ ಬರೀರಿ," ಎಂದರು ಗುಮಾಸ್ತರು.

ದೊಡ್ಡಪ್ಪ ಪೆನ್ನು ಹಿಡಿದು ಸೋದರಮಾವನ ಮುಖ ನೋಡಿದರು. ಸೋದರಮಾವ ಗೋಡೆಯ ಮೇಲಿದ್ದ ಮತದಾರರ ಜಾಗೃತಿಯ ಚಿತ್ರ ನೋಡಿದರು. ಒಬ್ಬ ವಿಧವೆಯ ಮದುವೆ ನಿಲ್ಲಿಸಲು ಎಂದು ಸರಕಾರಿ ಕಾಗದದಲ್ಲಿ ಹೇಗೆ ಬರೆಯುವುದು? ಕೊನೆಗೆ, "ಮನೆವಿಷಯ" ಎಂದು ಬರೆದರು.

"ಮನೆವಿಷಯಕ್ಕೆ ಮೈಕು ಎಂತಕ್ಕೆ?" ಎಂದು ಗುಮಾಸ್ತರು ಕೇಳಿದರು.

"ನಮ್ದು ದೊಡ್ಡ ಮನೆ," ಎಂದರು ಸೋದರಮಾವ.

"ಆತು. ಅರ್ಜಿದಾರರು ಅಂತ ಯಾರು ಸಹಿ ಹಾಕ್ತೀರಿ? ಏನಾದ್ರೂ ದೂರು ಬಂದ್ರೆ ಅವರ ಪಕ್ಷಕ್ಕೇ ನೋಟೀಸು ಹೋಗ್ತದೆ."

ಪೆನ್ನು ದೊಡ್ಡಪ್ಪನ ಕೈಯಿಂದ ಸೋದರಮಾವನ ಕೈಗೆ ಹೋಯಿತು. "ನೀವು ಹಿರಿಯರು ಭಾವ" ಎಂಬ ಮಾತಿನ ಜೊತೆಗೆ ವಾಪಸು ಬಂತು. ಹೀಗೆ ನಾಲ್ಕು ಸಲ ಓಡಾಡಿದ ಮೇಲೆ ಗುಮಾಸ್ತರು ಕೈ ಚಾಚಿ, "ಅದು ನನ್ನ ಪೆನ್ನು," ಎಂದರು.

ತಂಗಿಯ ಮದುವೆ, ತಂಗಿಯದ್ದೇ

ಸಭೆ ನಿಂತಿತು, ಆದರೆ ಹಿರಿಯರು ನಿಲ್ಲಲಿಲ್ಲ. ಮನೆಮನೆಗೆ ಹೋಗಿ, ಆ ಮದುವೆಯಲ್ಲಿ ಊಟ ಮಾಡಿದವರು ನಮ್ಮವರಲ್ಲ ಎಂದು ಹೇಳಿ ಬಂದರು. ಭವನವನ್ನೂ ಕೊಡಬಾರದೆಂದು ತಾಕೀತು ಮಾಡಿದರು. "ನಮ್ಮ ಅಂಗಳ ಇಲ್ಲವಾ? ಅಲ್ಲೇ ಮಾಡುವ," ಎಂದರು ವರ. ಅವರದ್ದು ಕಡಿಮೆ ಮಾತು. ವರ್ಷಾನುಗಟ್ಟಲೆ ಬಸ್ಸಿನಲ್ಲಿ ಬೈಸಿಕೊಂಡು ಪಳಗಿದವರು.

ನನಗೆ ಇದೇ ಒಳ್ಳೆಯ ಅವಕಾಶ ಅನ್ನಿಸಿತು. ಹಠಕ್ಕೆ ಬಿದ್ದು ಒಂದು ಯೋಜನೆ ಹಾಕಿದೆ: ಮಂತ್ರ ಇಲ್ಲ, ವಾದ್ಯ ಇಲ್ಲ, ಇಬ್ಬರೂ ಹಾರ ಹಾಕಿಕೊಳ್ಳುವುದು, ಸಂವಿಧಾನದ ಪೀಠಿಕೆ ಓದುವುದು, ಆಮೇಲೆ ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ನನ್ನ ಭಾಷಣ. ಮುಕ್ಕಾಲು ಗಂಟೆ. ರಾತ್ರಿಗಟ್ಟಲೆ ಕೂತು ಬರೆದೂ ಇಟ್ಟಿದ್ದೆ.

ತಂಗಿ ಮಿಷನ್ ನಿಲ್ಲಿಸದೆಯೇ ಪೂರ್ತಿ ಕೇಳಿದಳು. ದಾರ ಕಡಿದು ಹೇಳಿದಳು:

"ನಂಗೆ ವಾದ್ಯ ಬೇಕು. ತಲೆ ತುಂಬ ಮಲ್ಲಿಗೆ ಬೇಕು. ಹಸಿರು ಸೀರೆ ಬೇಕು. ಭಟ್ಟರು ಬೇಕು."

"ಇದೆಲ್ಲ ಅವರದ್ದೇ ಪದ್ಧತಿ ಅಲ್ದಾ? ಅದರ ವಿರುದ್ಧವೇ ನಾವು..."

"ಅಣ್ಣಾ," ಎಂದಳು. "ಮೊದಲನೇ ಮದುವೆ ಅಪ್ಪ ಹೇಳಿದ ಹಾಗೆ ಆಯ್ತು. ಎರಡನೆಯದು ನೀ ಹೇಳಿದ ಹಾಗೆ ಅಂದ್ರೆ, ನಾ ಹೇಳಿದ ಹಾಗೆ ಆಗೂಕೆ ಮೂರನೆಯದು ಆಗ್ಬೇಕಾ?"

ಭಾಷಣದ ಕಾಗದ ಅಂಗಡಿಯಲ್ಲಿ ಮಿಕ್ಸಿಯ ಗ್ರೀಸು ಒರೆಸಲು ಉಪಯೋಗವಾಯಿತು.

ಭಟ್ಕಳದ ಸೀರೆ

ಹಸಿರು ಸೀರೆಗೆ ಭಟ್ಕಳಕ್ಕೆ ಹೋದೆ. ಅಲ್ಲಿ ನವಾಯತ ಮುಸ್ಲಿಮರೊಬ್ಬರ ಬಟ್ಟೆ ಅಂಗಡಿ. ತಂಗಿ ಲೈನಿಂಗ್ ಬಟ್ಟೆ ತರಿಸುವುದು ಅಲ್ಲಿಂದಲೇ. ವಿಷಯ ತಿಳಿದು ಅವರು ಗಾದಿಯಿಂದ ಎದ್ದೇ ನಿಂತರು.

"ಒಳ್ಳೇ ಕೆಲಸ ಭಾಯ್. ನಮ್ಮಲ್ಲಿ ಗಂಡ ತೀರಿಕೊಂಡವಳಿಗೆ ಮದುವೆ ಮಾಡೂದು ದೊಡ್ಡ ವಿಷಯವೇ ಅಲ್ಲ. ಮಾಡದಿದ್ರೆ ಕೇಳ್ತಾರೆ, ಯಾಕೆ ಮಾಡಲಿಲ್ಲ ಅಂತ."

ಅಷ್ಟೂ ಸೀರೆ ಬಿಚ್ಚಿ ಹಾಕಿದರು. ತಂಗಿಗೆಂದು ರವಿಕೆ ಕಣವೊಂದನ್ನು ತಮ್ಮ ಕಡೆಯ ಉಡುಗೊರೆಯಾಗಿ ಮಡಚಿ ಇಟ್ಟರು. ನನಗೆ ಕಣ್ಣು ತುಂಬಿ ಬಂತು. ನಮ್ಮವರಿಗೆ ಇಲ್ಲದ ಬುದ್ಧಿ ನಿಮಗಿದೆಯಲ್ಲ ಎಂದು ಹೊಗಳಿದೆ. ಹೊಗಳುವ ಭರದಲ್ಲಿ ಇನ್ನೊಂದು ಮಾತು ಕೇಳಿದೆ: "ಹಾಗಾದ್ರೆ ನಿಮ್ಮ ಮಗಳು ತಾನೇ ಹುಡುಗನನ್ನು ನೋಡ್ಕೊಂಡು ಬಂದ್ರೂ ಒಪ್ತೀರಿ."

ಅವರ ಕೈಯಲ್ಲಿದ್ದ ಸೀರೆ ತಾನಾಗಿಯೇ ಸುತ್ತಿಕೊಂಡಿತು.

"ಅದು ಬೇರೆ ವಿಷಯ," ಎಂದರು.

ನಮ್ಮ ಜಗಲಿಯ ಬೆಂಚಿನಲ್ಲಿ ಮೂರನೆಯವರಿಗೂ ಜಾಗ ಇದೆ ಎನ್ನಿಸಿತು. ಹೇಳಲಿಲ್ಲ. ರವಿಕೆ ಕಣ ಚೆನ್ನಾಗಿತ್ತು.

ಹಿರೇಗುತ್ತಿಯಲ್ಲಿ ಊಟ

ಮದುವೆಯ ದಿನ ಹಿರೇಗುತ್ತಿಯ ಅಂಗಳದಲ್ಲಿ ಚಪ್ಪರ. ನಮ್ಮ ಕಡೆಯ ಭಟ್ಟರು ಬರಲಾಗದೆಂದಿದ್ದರು. ಪಕ್ಕದ ಊರಿನ ವಯಸ್ಸಾದ ಭಟ್ಟರೊಬ್ಬರು, "ಮಂತ್ರಕ್ಕೆ ಎಷ್ಟನೇ ಮದುವೆ ಅಂತ ಗೊತ್ತಾಗೂದಿಲ್ಲ," ಎಂದು ಹೇಳಿ ಬಂದು ಧಾರೆ ಎರೆಸಿದರು. ಅವರ ಕಾಲಿಗೆ ನಾನು, ದೇವರನ್ನು ನಂಬದವನು, ಅಡ್ಡಬಿದ್ದೆ.

ನಮ್ಮ ಅಂದಾಜು ಮೂವತ್ತು ಜನ. ಊಟದ ಹೊತ್ತಿಗೆ ನೋಡಿದರೆ ಅಂಗಳ ಭರ್ತಿ. ಕರ್ಕಿಯಿಂದ ಬಂದವರೆಲ್ಲ ಒಂದೇ ಮಾತು ಹೇಳಿದರು: "ಯಾರ್ಯಾರು ಬಂದಿದ್ದಾರೆ ಅಂತ ನೋಡೂಕೆ ಬಂದದ್ದು." ನೋಡಿಯಾದ ಮೇಲೆ, ಬಿಸಿಲಲ್ಲಿ ಅಷ್ಟು ದೂರ ಬಂದದ್ದಕ್ಕೆ, ಎಲೆ ಮುಂದೆ ಕೂತರು. ದೊಡ್ಡಪ್ಪನೂ ಬಂದರು, ಊಟ ಮಾಡಿದವರ ಹೆಸರು ಬರೆದುಕೊಳ್ಳಲು. ಅದೇ ಕೆಲಸಕ್ಕೆ ಸೋದರಮಾವನೂ ಬಂದರು. ಮಾವಿನಕಾಯಿಯ ಅಪ್ಪೆಹುಳಿಯ ಪರಿಮಳ ಬಂದಾಗ ಇಬ್ಬರೂ ಕಡೇ ಪಂಕ್ತಿಯ ಎರಡು ಮೂಲೆಯಲ್ಲಿ ಕೂತರು. ಬಡಿಸುವವರು ಸಾಲದೆ ಮದುಮಗಳೇ ಸೆರಗು ಸಿಕ್ಕಿಸಿ ಪಾಯಸದ ಪಾತ್ರೆ ಹಿಡಿದಿದ್ದಳು. ಮದುಮಗ ಅನ್ನ ಹಾಕುತ್ತಿದ್ದರು.

ಆಗ ಜೀಪು ಬಂತು. ಚುನಾವಣಾ ಫ್ಲೈಯಿಂಗ್ ಸ್ಕ್ವಾಡಿನದ್ದು. ಒಬ್ಬರು ಮೇಡಂ, ಇಬ್ಬರು ಪೊಲೀಸರು, ವಿಡಿಯೋದವನೊಬ್ಬ.

"ಎರಡು ದೂರು ಬಂದಿದೆ," ಎಂದರು ಮೇಡಂ. "ಒಂದು ಪಕ್ಷದವರು ಮತದಾರರಿಗೆ ಊಟ ಹಾಕಿಸ್ತಿದ್ದಾರೆ ಅಂತ ಒಂದು. ಎದುರು ಪಕ್ಷದವರು ಹಾಕಿಸ್ತಿದ್ದಾರೆ ಅಂತ ಇನ್ನೊಂದು. ವಿಳಾಸ ಎರಡರಲ್ಲೂ ಇದೇ. ಈ ಊಟ ಯಾವ ಪಕ್ಷದ್ದು?"

ಆಗಿದ್ದು ಇಷ್ಟೇ. ದೊಡ್ಡಪ್ಪನ ಬೈಕು ಕಂಡ ಅಲ್ಲಿನ ಎದುರು ಪಕ್ಷದ ಹುಡುಗರು ಫೋನು ಮಾಡಿದ್ದರು. ಸೋದರಮಾವನ ಕಾರು ಕಂಡ ದೊಡ್ಡಪ್ಪನ ಪಕ್ಷದ ಹುಡುಗರೂ ಮಾಡಿದ್ದರು.

"ಇದು ಮದುವೆ," ಎಂದೆ.

"ಮದುಮಗಳು ಎಲ್ಲಿ?"

ನಾನು ಪಾಯಸದ ಪಾತ್ರೆಯ ಕಡೆ ಕೈ ತೋರಿಸಿದೆ.

"ಮದುಮಗಳು ಬಡಿಸ್ತಾರಾ?" ಮೇಡಂ ನಂಬಲಿಲ್ಲ. ಅವರದ್ದೂ ತಪ್ಪಲ್ಲ. "ಹೆಣ್ಣಿನ ಕಡೆಯ ಹಿರಿಯರು ಯಾರಾದ್ರೂ ಮುಂದೆ ಬಂದು ಹೇಳಲಿ. ಇಲ್ಲದಿದ್ರೆ ಅಡುಗೆ ಜಪ್ತಿ, ಇಲ್ಲಿರುವ ಪಕ್ಷದವರ ಮೇಲೆ ಕೇಸು."

ತಂಗಿ ಪಾತ್ರೆ ಕೆಳಗಿಡಲಿಲ್ಲ. ಅಮ್ಮ ಕಂಬ ಹಿಡಿದುಕೊಂಡಳು. ನಾನು ಅಣ್ಣ ಎಂದು ಹೇಳಿದರೆ ನಡೆಯುವುದಿಲ್ಲ. ನನ್ನ ಮುಖ ಪೊಲೀಸರಿಗೆ ಧರಣಿಗಳಿಂದ ಪರಿಚಯ. ವಿಡಿಯೋದವನು ಕ್ಯಾಮೆರಾ ಹಿಡಿದು ಪಂಕ್ತಿಯ ಉದ್ದಕ್ಕೂ ಬಂದ. ದೊಡ್ಡಪ್ಪನ ಎದುರು ನಿಂತ. ದೊಡ್ಡಪ್ಪನ ಎಲೆಯಲ್ಲಿ ಪಾಯಸ ಇತ್ತು, ಬೆರಳಲ್ಲೂ ಇತ್ತು. ಇದು ಮದುವೆ ಎಂದರೆ ಸಂಸ್ಕಾರ ಹೋಗುತ್ತದೆ, ಅಲ್ಲ ಎಂದರೆ ತಮ್ಮ ಪಕ್ಷದ ಮೇಲೆ ಕೇಸು ಬೀಳುತ್ತದೆ. ದೊಡ್ಡಪ್ಪ ಬೆರಳು ನೆಕ್ಕಿ ಎದ್ದು ನಿಂತರು.

"ಮದುವೆ ಮೇಡಂ, ಪಕ್ಕಾ ಮದುವೆ," ಎಂದರು. "ನಾನು ಮದುಮಗಳ ದೊಡ್ಡಪ್ಪ. ತಂದೆ ಇಲ್ಲದ ಹುಡುಗಿ. ನಾನೇ ತಂದೆ ಅಂತ ತಿಳ್ಕೊಳ್ಳಿ."

ಆ ಮೂಲೆಯಿಂದ ಸೋದರಮಾವ ಎದ್ದರು. ಎದುರು ಪಕ್ಷವೊಂದೇ ಕ್ಯಾಮೆರಾದ ಮುಂದೆ ತಂದೆಯಾಗುವುದನ್ನು ಅವರು ಹೇಗೆ ಸಹಿಸಿಯಾರು? "ನಾನು ಸೋದರಮಾವ. ಮದುಮಗಳನ್ನು ಮಂಟಪಕ್ಕೆ ಕರ್ಕೊಂಡು ಬರೂದು ನನ್ನ ಹಕ್ಕು, ಬೇಕಾದ್ರೆ ಭಟ್ಟರನ್ನು ಕೇಳಿ."

"ಇಬ್ಬರೂ ಅಕ್ಷತೆ ಹಾಕಿದ್ರಾ?" ಎಂದು ಮೇಡಂ ಕೇಳಿದರು.

"ಎಲ್ಲ ಆಯ್ತು ಆಯ್ತು," ಎಂದರು ಇಬ್ಬರೂ.

"ಇಲ್ಲ," ಎಂದಳು ತಂಗಿ ಮೆಲ್ಲಗೆ. "ಇವರಿಬ್ಬರದ್ದು ಮಾತ್ರ ಬಾಕಿ."

ಮೇಡಂ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಏನು ಅರ್ಥವಾಯಿತೋ, "ಹಾಗಾದ್ರೆ ಈಗ ಹಾಕಲಿ. ರೆಕಾರ್ಡಿಗೆ ಬೇಕು," ಎಂದರು. ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ತಂಗಿ, ಮದುಮಗ ಪಕ್ಕ ಪಕ್ಕ ನಿಂತರು. ದೊಡ್ಡಪ್ಪ ಮೊದಲು ಮುಂದೆ ಬಂದರು. ಅಕ್ಷತೆ ಹಾಕಿದ ಕೈ ಅವಳ ತಲೆಯ ಮೇಲೆಯೇ ನಿಂತುಬಿಟ್ಟಿತು. "ಚೆನ್ನಾಗಿರು ಮಗಾ," ಎಂದರು. ಅದು ಕ್ಯಾಮೆರಾಕ್ಕೆ ಹೇಳಿದ್ದಲ್ಲ. ಸೋದರಮಾವನೂ ಹಾಕಿದರು, ದೊಡ್ಡಪ್ಪನಿಗಿಂತ ಒಂದು ಹಿಡಿ ಹೆಚ್ಚೇ. ಇಡೀ ಕರ್ಕಿ ಎಲೆಯ ಮುಂದೆ ಕೂತು ನೋಡಿತು. ಅಮ್ಮ ಕಂಬ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಸರಿ, ಮದುವೆ ಅಂತ ವರದಿ ಬರೀತೇನೆ," ಎಂದು ಮೇಡಂ ಹೊರಟರು. ಅಮ್ಮ ಊಟಕ್ಕೆ ಕೂರಿ ಎಂದಳು. "ಡ್ಯೂಟಿ ಮೇಲೆ ಇರುವಾಗ ಊಟ ಮಾಡುವ ಹಾಗಿಲ್ಲ," ಎಂದರು.

ಆಗ ದೊಡ್ಡಪ್ಪ, ಒಂದು ತಿಂಗಳು ಕರ್ಕಿಯ ಮನೆಮನೆಗೆ ಹೋಗಿ ಈ ಮದುವೆಯ ಅನ್ನ ಮುಟ್ಟಬೇಡಿ ಎಂದು ಹೇಳಿ ಬಂದ ನನ್ನ ದೊಡ್ಡಪ್ಪ, ಜೀಪಿಗೆ ಅಡ್ಡ ನಿಂತರು.

"ಅದೆಲ್ಲ ಆಗೂದಿಲ್ಲ ಮೇಡಂ. ನಮ್ಮ ಹುಡುಗಿ ಮದುವೆಗೆ ಬಂದು ಊಟ ಮಾಡದೇ ಹೋದ್ರೆ ಎಂತ ಅರ್ಥ? ನಮಗೆ ಬಹಿಷ್ಕಾರ ಹಾಕಿದ ಹಾಗಲ್ವಾ?"