ಹೊತ್ತು ನೋಡಿ ಪ್ರಶ್ನೆ ಕೇಳುವ ಮಾವ

ನಮ್ಮ ಮಾವನಿಗೆ ಬುದ್ಧಿ ಇಲ್ಲವೆಂದು ಯಾರೂ ಹೇಳುವುದಿಲ್ಲ. ಹೊತ್ತುಗೊತ್ತು ಇಲ್ಲವೆಂದು ಅವರಿರುವ ವರ್ತಕ ನಗರ ಬಡಾವಣೆ ಇಡೀ ಹೇಳುತ್ತದೆ! ಯಾರಾದರೂ ಕಷ್ಟದ ಕೆಲಸದಲ್ಲಿ ಮುಳುಗಿದ್ದರೆ ಸಾಕು, ಹೋಗಿ ಒಂದು ದಡ್ಡ ಪ್ರಶ್ನೆ ಕೇಳುತ್ತಾರೆ. ಕಲ್ಯಾಣದ ಇಕ್ಕಟ್ಟು ಗಲ್ಲಿಯಲ್ಲಿ ಬೆವರುತ್ತಾ ರಿಕ್ಷಾ ಹಿಂದಕ್ಕೆ ತೆಗೆಯುತ್ತಿದ್ದವನಿಗೆ, ನಿನ್ನೆ ಊಟಕ್ಕೆ ಏನಿತ್ತು ಅಂತ ಮರಾಠಿಯಲ್ಲಿ ಕೇಳಿದರು. ಅವನ ಉತ್ತರ ಚಿಕ್ಕದಾಗಿತ್ತು: "ಖಾಲೀ ಉತರಾ!" ಕೆಳಗಿಳಿಯಿರಿ ಎಂದ ಮೇಲೆ ಇನ್ನೇನು, ಇಬ್ಬರೂ ಇಳಿದು ನಡೆದೆವು.

ಅತ್ತೆಯ ಮೇಲೆ ಮಾತ್ರ ಈ ಪ್ರಯೋಗ ನಡೆದಿರಲಿಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು ಅತ್ತೆ ಒಬ್ಬರೇ ಎತ್ತಿ ಕೂರಿಸುತ್ತಾರೆ. ಸೊಂಟ ಹಿಡಿದು ನಡೆಯುವುದನ್ನು ನಾನು ನೋಡಿದ್ದೇನೆ. ಕೆಲಸಕ್ಕೆ ಹೆಂಗಸೊಬ್ಬಳನ್ನು ಇಡೋಣ ಎಂದರೆ, "ಎಂತಕ್ಕೆ? ನಂಗೆ ಏನೂ ಕಷ್ಟ ಇಲ್ಲ" ಎನ್ನುತ್ತಾರೆ. ಮಾವ ನಂಬಿಬಿಟ್ಟಿದ್ದರು!

ಮಾವ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು. ಅದನ್ನು ಹಡಗಿನ ಮೇಲೆ ಇಳಿಸುವುದೆಂದರೆ ಏನೆಂದುಕೊಂಡಿರಿ? ಇಳಿಯುವ ಜಾಗವೇ ಏಳುತ್ತದೆ, ಬೀಳುತ್ತದೆ, ವಾಲುತ್ತದೆ. ಹಡಗಿಗೆ ಬಡಿದ ಗಾಳಿ ಸುಳಿಯಾಗಿ ಎಳೆಯುತ್ತದೆ. ನಾನಿದನ್ನು ಕಾಲೇಜಿನಲ್ಲಿ ಕಲಿತದ್ದಲ್ಲ. ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನಲ್ಲಿ, ಕಂಪ್ಯೂಟರಿನ ಹೆಲಿಕಾಪ್ಟರ್ ಆಟದ ಮುಂದೆ ಕೂತು, ನೂರಾರು ಸಲ ಸಮುದ್ರಕ್ಕೆ ಬಿದ್ದು ಕಲಿತದ್ದು!

ಕಳೆದ ತಿಂಗಳು ಲ್ಯಾಪ್‌ಟಾಪ್ ಹೊತ್ತು ಮಾವನ ಮನೆಗೇ ಹೋದೆ. ಇಳಿಸಿ ತೋರಿಸಲೇಬೇಕಿತ್ತು. ಪರದೆಯ ಮೇಲೆ ಹಡಗಿನ ಡೆಕ್ ಇನ್ನೇನು ಎರಡಾಳು ದೂರ. ಬೆನ್ನ ಹಿಂದಿನಿಂದ ಮಾವನ ದನಿ ಬಂತು: "ಏಳೆಂಟ್ಲಿ ಎಷ್ಟು ಮಾರಾಯ?"

ಚಕ್ರ ಡೆಕ್ಕಿಗೆ ತಾಗಿದ ಮೇಲೆಯೇ ಕೂಗಿದೆ, "ಐವತ್ತಾರು! ಇಳಿಸಿದೆ, ನೋಡಿ ಮಾವ!"

"ಇಳಿಸಿದ್ದು ಹೌದು. ತಲೆಯಲ್ಲಿ ಏಳೆಂಟ್ಲಿಗೂ ಜಾಗ ಇರ್ಲಿಲ್ಲ. ಇನ್ನೊಂದು ದೊಡ್ಡ ಅಲೆ ಬಂದಿದ್ರೆ?"

"ಅಷ್ಟೇನೂ ಕಷ್ಟ ಆಗ್ಲಿಲ್ಲ ಮಾವ."

"ಎಲ್ಲಾ ಪೈಲಟ್ಟೂ ಹಾಗೇ ಹೇಳೋದು. ಮರ್ಯಾದೆ ಪ್ರಶ್ನೆ ಅಲ್ವಾ! ಅದಕ್ಕೇ ಕಷ್ಟ ಉಂಟಾ ಅಂತ ಕೇಳ್ಬಾರ್ದು. ಬೇರೆ ಎಂತಾದ್ರೂ ಕೇಳ್ಬೇಕು. ಉತ್ತರ ತಡ ಆದ್ರೆ ಕಷ್ಟ ಉಂಟು ಅಂತ ಅರ್ಥ."

ಹಿಂದಿನ ಕೋಣೆಯಲ್ಲಿ ಅತ್ತೆ ಅಜ್ಜಿಯ ಕಂಕುಳಿಗೆ ಕೈ ಕೊಟ್ಟು ಗಾಲಿಕುರ್ಚಿಗೆ ಎತ್ತುತ್ತಿದ್ದರು. ಮಾವ ಅಭ್ಯಾಸಬಲದಿಂದ ಅತ್ತ ತಿರುಗಿ ಕೇಳಿದರು, "ಇವತ್ತು ಯಾವ ವಾರ ಮಾರಾಯ್ತಿ?"

ಉತ್ತರವಿಲ್ಲ. ಅಜ್ಜಿ ಕುರ್ಚಿಗೆ ಬಂದರು. ಅತ್ತೆ ಅವರ ಪಾದ ಸರಿಮಾಡಿದರು, ಸೆರಗು ಹೊದಿಸಿದರು, ಗೋಡೆ ಹಿಡಿದು ನಿಂತರು. ಆಮೇಲೆ ನಮ್ಮಿಬ್ಬರನ್ನು ನೋಡಿ, "ಎಂತ? ಯಾರಾದ್ರೂ ಎಂತಾದ್ರೂ ಹೇಳಿದ್ರಾ?" ಎಂದರು.

ಮಾವ ಮತ್ತೆ ಕೇಳಲಿಲ್ಲ. ಎದ್ದು ಹೋಗಿ ಮಂಚದ ಅಂಚಿನಲ್ಲಿ ಅತ್ತೆಯನ್ನು ಕೂರಿಸಿದರು, ತಾವೂ ಕುಳಿತರು.

"ಸೊಂಟ ತುಂಬಾ ನೋಯ್ತದೆ ಇವ್ರೇ," ಎಂದರು ಅತ್ತೆ ಮೆಲ್ಲಗೆ. "ನಾಳೆ ಕೆಲಸಕ್ಕೆ ಯಾರನ್ನಾದ್ರೂ ಕರ್ಕೊಂಡು ಬನ್ನಿ."