ಮಸುಕು ಫೋಲ್ಡರಿನಲ್ಲಿ ಅಡಗಿದ ಟಗರು

ಕಂಪ್ಯೂಟರ್ ರಿಪೇರಿಗೆಂದು ಒಬ್ಬರ ಮನೆಗೆ ಹೋಗಿ, ಬರೀ ಕಂಪ್ಯೂಟರನ್ನಷ್ಟೇ ರಿಪೇರಿ ಮಾಡಿ ಬಂದ ದಿನ ನನ್ನ ಜೀವನದಲ್ಲಿ ಇನ್ನೂ ಬಂದಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಆದರೆ ಅಂಗಡಿಯ ಕುರ್ಚಿಗಿಂತ ಸ್ಕೂಟಿಯ ಸೀಟೇ ನನಗೆ ಹೆಚ್ಚು ರೂಢಿ. ಈ ಕಡೆ ಕೂಡ್ಲಿಗಿ, ಕೊಟ್ಟೂರು, ಆ ಕಡೆ ಹಡಗಲಿ, ಹರಪನಹಳ್ಳಿ, ಎಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ಬುಲಾವ್ ನನಗೇ. ಬಾಗಿಲು ತೆರೆದವರು ಮೊದಲು ನನ್ನ ಹಿಂದೆ ಇಣುಕಿ, “ರಿಪೇರಿ ಮಾಡೋರು ಎಲ್ಲದಾರ?” ಎನ್ನುತ್ತಾರೆ. “ನಾನೇ ರೀ” ಎಂದು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇನೆ.

ನನಗೆ ಈ ಕೆಲಸದಲ್ಲಿ ಒಂದು ಹುಚ್ಚಿದೆ. ಪ್ರತಿ ಕಂಪ್ಯೂಟರಿನಲ್ಲೂ ಕಾಣುವ ಫೋಲ್ಡರುಗಳ ಜೊತೆ ಕಾಣದ ಫೋಲ್ಡರುಗಳೂ ಇರುತ್ತವೆ. ನಾವು ಕೈಯಾಡಿಸಿ ಕೆಡಿಸಬಾರದೆಂದು ಯಂತ್ರವೇ ಬಚ್ಚಿಟ್ಟುಕೊಂಡ ಸಾಮಾನು ಅವು. ಮೇಲೆ ‘ವ್ಯೂ’ ಒತ್ತಿ ‘ಹಿಡನ್ ಐಟಮ್ಸ್’ ಎಂಬಲ್ಲಿ ಒಂದು ಟಿಕ್ ಹಾಕಿದರೆ ಸಾಕು, ಅಲ್ಲಿಯವರೆಗೆ ಖಾಲಿ ಇದ್ದ ಜಾಗದಲ್ಲಿ ಮಸುಕು ಹಳದಿ ಬಣ್ಣದ ಪೆಟ್ಟಿಗೆಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಎಷ್ಟು ವರ್ಷದಿಂದ ನೋಡುತ್ತಿದ್ದರೂ ಆ ಕ್ಷಣಕ್ಕೆ ನನ್ನ ಎದೆ ಈಗಲೂ ಡವಡವ ಎನ್ನುತ್ತದೆ. ಆ ಒಂದು ಟಿಕ್ಕಿನಿಂದ ನಾನು ಏನೇನು ನೋಡಿದೆ ಅನ್ನುವುದನ್ನು ಹೇಳದೆ ಇರಲಾರೆ.

೧. ಬಣ್ಣ ಹೋದ ಪೆಟ್ಟಿಗೆಗಳು

ಕೂಡ್ಲಿಗಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಮನೆ. ವಯಸ್ಸು ಎಪ್ಪತ್ತರ ಮೇಲಾದರೂ ತಲೆಗೂದಲು ಇದ್ದಿಲಿನ ಹಾಗೆ ಕಪ್ಪು. ಕಂಪ್ಯೂಟರಿನಲ್ಲಿ ಜಾಗ ತುಂಬಿ ಹೋಗಿದೆ ಎಂದು ಕರೆಸಿದ್ದರು. ನಾನು ಟಿಕ್ ಹಾಕಿದೆ. ಮಸುಕು ಫೋಲ್ಡರುಗಳು ಎದ್ದು ಬಂದವು. ಮಾಸ್ತರರು ಕನ್ನಡಕ ಏರಿಸಿ ಹತ್ತಿರ ಬಗ್ಗಿದರು.

“ಅಲ್ಲಮ್ಮಾ, ಇವ್ಯಾಕ ಹಿಂಗ ಬಣ್ಣ ಹೋಗ್ಯಾವು?”

“ಅವು ಮುಚ್ಚಿಟ್ಟ ಫೋಲ್ಡರ್ ಸರ್, ಮಸುಕಾಗೇ ಕಾಣ್ತಾವ…”

ನನ್ನ ಮಾತು ಮುಗಿಯುವ ಮೊದಲೇ ಅವರು ಕಿಟಕಿಯ ಕಡೆ ತಿರುಗಿದ್ದರು. “ಕಿಟಕಿ ಪಡುವಣಕ್ಕ ಐತಿ. ಸಂಜಿ ಬಿಸಲು ನೆಟ್ಟಗ ಇದರ ಮ್ಯಾಲೆ ಬೀಳ್ತೈತಿ. ನಾ ಮೊದಲೇ ಹೇಳಿದ್ದೆ ಇಲ್ಲಿ ಇಡಬ್ಯಾಡ್ರಿ ಅಂತ!”

ನಾನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು. ಜೀವಮಾನವಿಡೀ ಬೇರೆಯವರಿಗೆ ಪಾಠ ಹೇಳಿದವರು, ಬೇರೆಯವರ ಪಾಠ ಕೇಳುವ ಅಭ್ಯಾಸ ಇಲ್ಲ. ಮುಂದಿನ ವಾರ ಫೋನ್ ಬಂತು.

“ಏನಮ್ಮಾ, ಕಿಟಕಿಗೆ ಪರದಿ ಹಾಕಿಸೀನಿ. ಟೇಬಲ್ ಒಳಗಿನ ಕೋಣಿಗೆ ಒಯ್ದೀನಿ. ಇನ್ನಾ ಹಳದಿ ಬಣ್ಣ ತಿರುಗಿ ಬಂದಿಲ್ಲಲ್ಲ?”

ಉತ್ತರ ಕೊಟ್ಟಿದ್ದು ನಾನಲ್ಲ. ಹಿಂದಿನಿಂದ ಅವರ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳಿಸಿತು: “ನಿಮ್ಮ ತಲಿಗೆ ಹಚ್ಚಿದ ಬಣ್ಣ ಇನ್ನಾ ಅರ್ಧ ಬಟ್ಟಲ ಉಳದೈತಿ. ಅದನ್ನ ಹಚ್ಚಿ ನೋಡ್ರಿ!”

೨. ಎಣಿಸಬಾರದ ಫೋಟೊಗಳು

ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ ಕುರಿ ಸಾಕುವ ಯಜಮಾನರೊಬ್ಬರಿದ್ದಾರೆ. ಮಗಳು ಓದಲಿ ಎಂದು ಕಂಪ್ಯೂಟರ್ ತಂದಿದ್ದರು. ಮಗಳು ಹಾಸ್ಟೆಲ್ ಸೇರಿದ ಮೇಲೆ ಅದು ಕುರಿಗಳ ಪಾಲಾಯಿತು. ಯಜಮಾನರಿಗೆ ಕುರಿಗಳ ಫೋಟೊ ತೆಗೆಯುವ ಖಯಾಲಿ. ಫೋನ್ ತುಂಬಿದೆ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಡಿ ಎಂದು ಕರೆಸಿದರು.

ಹಾಕಿಕೊಟ್ಟೆ. ಪರದೆಯ ತುಂಬ ಕುರಿಮುಖಗಳು. ಒಂದು ಕುರಿಗೆ ಒಂದು ಫೋಟೊ. ಯಜಮಾನರು ಮಕ್ಕಳ ಹಾಗೆ ಖುಷಿಪಟ್ಟರು. ಅಷ್ಟರಲ್ಲಿ ಅವರ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಒಂದು ಫೋಲ್ಡರಿನಲ್ಲಿ ಎಷ್ಟಿವೆ ಎಂದು ಕಂಪ್ಯೂಟರ್ ಅಲ್ಲಿ ತಾನಾಗೇ ಲೆಕ್ಕ ಬರೆಯುತ್ತದೆ.

“ಅಯ್ಯಯ್ಯೋ! ಇದೇನ್ರಿ ಇದು, ಎಣಿಸಿಬಿಡ್ತಲ್ರಿ!”

ಕುರಿ ಎಣಿಸಿ ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎನ್ನುವುದು ಅವರ ಮನೆತನದ ನಂಬಿಕೆ. ಅಪ್ಪ ಎಣಿಸಿರಲಿಲ್ಲ, ಅಜ್ಜ ಎಣಿಸಿರಲಿಲ್ಲ, ಈ ಪೆಟ್ಟಿಗೆ ಕೇಳದೇ ಎಣಿಸಿಬಿಟ್ಟಿತ್ತು. ಯಜಮಾನರು ಮೊದಲು ಹೆಬ್ಬೆರಳಿನಿಂದ ಆ ಮೂಲೆ ಮುಚ್ಚಿದರು. ಆಮೇಲೆ ಎಷ್ಟು ಹೊತ್ತು ಹೀಗೆ ನಿಲ್ಲುವುದು ಎಂದು ಬೆರಳಿಗೆ ಸುತ್ತಿದ್ದ ಗಾಯದ ಪಟ್ಟಿಯನ್ನೇ ಬಿಚ್ಚಿ ಅಲ್ಲಿಗೆ ಅಂಟಿಸಿದರು.

“ಬೇರೆಯವ್ರ ಕಣ್ಣಿಗೆ ಬೀಳದಂಗ ಮಾಡಾಕ ಬರಲ್ಲೇನ್ರಿ?”

ಬರುತ್ತೆ ಎಂದು ಹೇಳಿಕೊಟ್ಟೆ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಹಿಡನ್. ಫೋಲ್ಡರ್ ಮಾಯ. ಟಿಕ್ ಹಾಕಿದರೆ ಮಸುಕಾಗಿ ಪ್ರತ್ಯಕ್ಷ. ಯಜಮಾನರು ಅದನ್ನು ಮಾಯ ಮಾಡಿದರು, ಕರೆದರು, ಮತ್ತೆ ಮಾಯ ಮಾಡಿದರು. ನನಗಿಂತ ದೊಡ್ಡ ಹುಚ್ಚು ಅವರಿಗೆ ಹಿಡಿಯಿತು.

ಹೊರಡುವಾಗ ನಾನು ಸುಮ್ಮನೆ ಕೇಳಿದೆ: “ಯಜಮಾನ್ರ, ಮಕ್ಕಳು ಎಷ್ಟು ಮಂದಿ?”

ಅವರು ಅತ್ತಿತ್ತ ನೋಡಿ ಹೇಳಿದರು: “ಮಕ್ಕಳನ್ನ ಎಣಿಸಬಹುದ್ರಿ. ಒಬ್ಬಾಕಿ.”

೩. ಕೊಟ್ಟೂರಿನ ಅಜ್ಜಿಯ ಹಗೇವು

ಕೊಟ್ಟೂರಿನ ಬಟ್ಟೆ ವ್ಯಾಪಾರಿಗಳ ಮನೆ ದೊಡ್ಡದು. ಹಣೆತುಂಬ ವಿಭೂತಿ ಹಚ್ಚಿದ ಅಜ್ಜಿ ನಡುಮನೆಯ ಮಂಚದ ಮೇಲೆ ಕೂತು ನಾನು ಮಾಡುವುದನ್ನೆಲ್ಲ ನೋಡುತ್ತಿದ್ದರು. ನಾನು ಟಿಕ್ ಹಾಕಿ ಮಸುಕು ಫೋಲ್ಡರುಗಳನ್ನು ಎಬ್ಬಿಸಿದೆ.

“ಯಾರವ್ವಾ ಇವನ್ನ ಮುಚ್ಚಿಟ್ಟೋರು?”

“ಕಂಪ್ಯೂಟರೇ ಅಜ್ಜಿ. ಮನಿ ಮಂದಿ ಕೈ ಹಾಕಿ ಕೆಡಿಸಬಾರದು ಅಂತ ತಾನೇ ಮುಚ್ಚಿಡ್ತೈತಿ.”

ಅಜ್ಜಿಯ ಮುಖ ಅರಳಿತು. “ಶಾಣ್ಯಾ ಐತಿ ಬಿಡು! ಹಿಂದಕ ನಮ್ಮನ್ಯಾಗ ಹಗೇವು ಇತ್ತು ನೋಡು. ನೆಲದಾಗ ತೆಗ್ಗು ತೆಗೆದು ಜ್ವಾಳ ತುಂಬಿ, ಮ್ಯಾಲೆ ಸಗಣಿ ಸಾರಿಸಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಮುಚ್ಚಿಟ್ರನ ಮನಿ ನಡಿಯೋದು. ಈಗ ನಾನೂ ಹಂಗ ಮಾಡ್ತೀನಿ. ತುಪ್ಪದ ಡಬ್ಬಿ ಗೋಧಿ ಪೀಪಾಯಿ ತಳಕ್ಕ, ಬೆಲ್ಲದುಂಡಿ ಹಾಸಿಗಿ ಪೆಟ್ಟಿಗಿಯಾಗ. ಸೊಸ್ತೇರ ಕೈಗೆ ಸಿಗಬಾರದು ನೋಡು…”

ಮಾತು ಅಲ್ಲಿಗೆ ನಿಂತಿತು. ಚಹಾ ಹಿಡಿದುಕೊಂಡು ಇಬ್ಬರೂ ಸೊಸೆಯರು ಬಾಗಿಲಲ್ಲೇ ನಿಂತಿದ್ದರು. ಚಹಾ ಕೆಳಗಿಟ್ಟು ಇಬ್ಬರೂ ಒಳಗೆ ಹೋದರು. ಪೀಪಾಯಿ ಎಳೆದ ಸದ್ದು ನಡುಮನೆಗೆ ಕೇಳಿಸಿತು.

ನಾನು ಸ್ಕೂಟಿ ಹತ್ತುವಾಗ ಹಿರಿ ಸೊಸೆ ಓಡಿಬಂದು ಕೈಯಲ್ಲಿ ಒಂದು ಬೆಲ್ಲದುಂಡೆ ಇಟ್ಟು, ಕಿವಿಯಲ್ಲಿ ಹೇಳಿದಳು: “ಅಕ್ಕಾ, ತಿಂಗಳಿಗೊಮ್ಮೆ ಬಂದು ನಮ್ಮ ಅತ್ತಿಯವ್ರಿಗೆ ಕಂಪ್ಯೂಟರ್ ಸುದ್ದಿ ಹೇಳಿ ಹೋಗ್ರಿ. ಗೋಡಂಬಿ ಇನ್ನಾ ಸಿಕ್ಕಿಲ್ಲ.”

೪. ಪರವಾನಗಿ ಇಲ್ಲ

ಇದು ಸಣ್ಣದು. ಹಡಗಲಿಯ ಒಬ್ಬ ಗೊಬ್ಬರದ ವ್ಯಾಪಾರಿಗೆ ಹಿಡನ್ ಫೋಲ್ಡರುಗಳನ್ನು ತೋರಿಸಿದೆ. ಅದರಲ್ಲಿ ಒಂದರ ಮೇಲೆ ಅವರು ಒತ್ತಿದರು. ನಿಮಗೆ ಪರವಾನಗಿ ಇಲ್ಲ ಎಂದು ಕಂಪ್ಯೂಟರ್ ಹೇಳಿತು. ಮತ್ತೆ ಒತ್ತಿದರು, ಮತ್ತೆ ಅದೇ ಉತ್ತರ.

“ಮನಿ ನಂದು, ಕಂಪ್ಯೂಟರ್ ನಂದು, ಕರೆಂಟ್ ಬಿಲ್ ಕಟ್ಟೋನು ನಾನು! ನನಗ ಒಳಗ ಬರಬ್ಯಾಡ ಅನ್ನಾಕ ಇದ್ಯಾವುದು?” ಎಂದು ಎದ್ದು ನಿಂತು ಜಗಳಕ್ಕೇ ಬಿದ್ದರು.

ಮೂಲೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅವರ ಹೆಂಡತಿ ದಾರ ಹರಿದು, ಒಂದು ಮೊಳ ಹೂವನ್ನು ಮಾನಿಟರಿನ ಮೇಲೆ ಇಟ್ಟರು. “ಎಷ್ಟು ವರ್ಷದ ಮ್ಯಾಲೆ ಇವರಿಗೆ ಇಲ್ಲ ಅಂದೋರು ಒಬ್ರು ಸಿಕ್ಕಾರ. ಕೈ ಮುಗಿಬೇಕು.”

೫. ಟಗರು

ಈಗ ಮತ್ತೆ ಹಲವಾಗಲಿಗೆ ಬರಬೇಕು.

ಒಂದು ಬೆಳಿಗ್ಗೆ ಫೋನ್ ಬಂತು. ಆ ಕಡೆ ಬರೀ ಉಸಿರು, ನಡುವೆ ಎಲ್ಲೋ ಒಂದು ಮಾತು. “ಅಕ್ಕಾರ… ಲಗೂನ ಬರ್ರಿ… ಟಗರು… ಹಿಡನ್…” ಯಾರೋ ಕದ್ದು ಮಾತಾಡುತ್ತಿದ್ದಾರೆ ಎಂದುಕೊಂಡೆ. ನಂಬರ್ ನೋಡಿದರೆ ಆ ಕುರಿ ಯಜಮಾನರ ಹೆಂಡತಿಯದು. ಸ್ಕೂಟಿ ಹತ್ತಿದವಳು ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಅವರ ಮನೆ ಮುಂದೆ ಅರ್ಧ ಊರು ನೆರೆದಿತ್ತು. ಬೇವಿನ ಮರಕ್ಕೆ ಕೋಡು ತಿರುಚಿದ ಕರಿ ಟಗರೊಂದನ್ನು ಕಟ್ಟಿದ್ದರು. ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಸಂಗತಿಯನ್ನು ಯಜಮಾನರ ಹೆಂಡತಿ ಹೇಳಿದಳು. ಹೊಳೆಯಲ್ಲಿ ಕುರಿ ತೊಳೆಯುವಾಗ ಎರಡು ಹಿಂಡು ಕಲೆತಿವೆ, ಟಗರು ಪರವೂರಿನ ಕುರಿಗಾರನ ಹಿಂಡಿನ ಜೊತೆ ಹೋಗಿದೆ. ಯಜಮಾನರ ಫೋನು ಅದೇ ಗಡಿಬಿಡಿಯಲ್ಲಿ ಹೊಳೆಯ ಪಾಲಾಗಿದೆ. ಯಜಮಾನರು ಊರೂರು ತಿರುಗಿ ಟಗರನ್ನು ಕೂಗಿ ಕೂಗಿ ಗಂಟಲು ಕಳೆದುಕೊಂಡಿದ್ದಾರೆ. ಟಗರು ಸಿಕ್ಕಿತು, ದನಿ ಹೋಯಿತು. ಬೆಳಿಗ್ಗೆ ಹೆಂಡತಿಯ ಫೋನಿನಲ್ಲಿ ಉಸಿರುಬಿಟ್ಟವರು ಅವರೇ.

ಪರವೂರಿನವನೂ ಕೆಟ್ಟವನಲ್ಲ. ಅವನದೂ ಅಂಥದೇ ಒಂದು ಟಗರು ಕಳೆದಿತ್ತು, ಇದೇ ಅದು ಎಂದು ಅವನು ನಂಬಿಬಿಟ್ಟಿದ್ದ. “ಇವರದಾಗಿದ್ರ ಇವರು ಕರೆದ್ರ ಯಾಕ ತಿರುಗಿ ನೋಡವಲ್ದು?” ಎಂದ. ಯಜಮಾನರು ಕರೆದರು. “ಹ್‌ಸ್ಸ್…” ಎಂದು ಗಾಳಿ ಬಂತು. ಟಗರು ಹುಲ್ಲು ಮೆಲ್ಲುತ್ತಾ ನಿಂತಿತ್ತು.

“ಎಲ್ಲಾ ಕುರಿಗೂ ಕಿವಿಗೆ ಗುರುತು ಹಾಕೀರಲ್ಲ, ಇದಕ್ಕ ಯಾಕ ಇಲ್ಲ?” ಎಂದು ಹಿರಿಯರೊಬ್ಬರು ಕೇಳಿದರು.

ಯಜಮಾನರ ಹೆಂಡತಿಯ ಕಣ್ಣು ತುಂಬಿತು. “ಹುಟ್ಟಿದ ದಿನನ ಇದರ ತಾಯಿ ಸತ್ತಿತ್ರಿ. ಬಾಟಲಿ ಹಾಲು ಕುಡಿಸಿ, ನಮ್ಮ ಕಂಬಳಿಯಾಗ ಮಲಗಿಸಿ ಬೆಳೆಸೀವಿ. ಕಿವಿಗೆ ಕತ್ತರಿ ಹಾಕಾಕ ಇವರಿಗೆ ಮನಸ್ಸು ಬರಲಿಲ್ಲ.”

ಹಿರಿಯರು ಮಾತ್ರ ನ್ಯಾಯಕ್ಕೆ ಕೂತವರು. ಫೋಟೊ ಇದ್ದರೆ ಈಗಲೇ ತೋರಿಸಿ, ಇಲ್ಲವಾದರೆ ಟಗರು ಪರವೂರಿನವನ ಗಾಡಿ ಹತ್ತುತ್ತದೆ ಎಂದರು. ಇದರದು ಫೋಟೊ ಇಲ್ಲ, ಒಂದು ವಿಡಿಯೊ ಮಾತ್ರ ಕುರಿಗಳ ಫೋಲ್ಡರಿನಲ್ಲಿದೆ ಎಂದಳು ಯಜಮಾನರ ಹೆಂಡತಿ.

ಕಂಪ್ಯೂಟರನ್ನು ಹೊರಗಿನ ಜಗಲಿಗೇ ತಂದು, ಕಿಟಕಿಯಿಂದ ವೈರ್ ಎಳೆದೆವು. ಸ್ಪೀಕರ್ ಪೆಟ್ಟಿಗೆಗಳೂ ಬಂದವು. ಮೂಲೆಯ ಗಾಯದ ಪಟ್ಟಿ ಇನ್ನೂ ಹಾಗೇ ಇತ್ತು. ನಾನು ಟಿಕ್ ಹಾಕಿದೆ. ಕುರಿಗಳ ಫೋಲ್ಡರ್ ಇಲ್ಲ!

“ಎಲ್ಲಿಟ್ರಿ ಯಜಮಾನ್ರ?”

ಅವರು ನನ್ನ ಕಿವಿಗೆ ಬಾಯಿಟ್ಟು ಉಸುರಿದರು: “ಒಂದ ಇದ್ರ ಎದ್ದು ಕಾಣ್ತೈತಲ್ರಿ… ಅದಕ್ಕ ಆ ಮಸುಕು ಫೋಲ್ಡರ್ ಹಿಂಡಿನಾಗ ಬಿಟ್ಟೇನಿ.”

“ಯಾವುದರಾಗ?”

“ಹಿಂಡಿನಾಗ ಕುರಿ ಹುಡುಕೋದು ನಾನು. ಫೋಲ್ಡರ್ ಹುಡುಕೋರು ನೀವಲ್ರಿ?”

ಯಂತ್ರವೇ ಬಚ್ಚಿಟ್ಟ ಸಿಸ್ಟಮ್ ಫೋಲ್ಡರುಗಳ ಒಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಒಂದೊಂದನ್ನೂ ತೆರೆದು ನೋಡುತ್ತ ಕೂತರೆ ಸಂಜೆಯಾದರೂ ಮುಗಿಯದು. ಪರವೂರಿನವನು ಗಾಡಿಯ ಹಿಂಬಾಗಿಲು ತೆರೆದು ನಿಂತಿದ್ದ. ಆಗ ಹೊಳೆಯಿತು: ಸಿಸ್ಟಮ್ ಫೋಲ್ಡರುಗಳಲ್ಲಿ ಫೋನಿನಲ್ಲಿ ತೆಗೆದ ವಿಡಿಯೊ ಯಾಕಿರುತ್ತೆ? ಬರೀ ವಿಡಿಯೊಗಳನ್ನಷ್ಟೇ ಹುಡುಕು ಎಂದು ಕೊಟ್ಟೆ. ಹಸಿರು ಗೆರೆ ನಿಧಾನವಾಗಿ ಸರಿಯಿತು.

ಬಂತು! ‘ಏನೂ ಇಲ್ಲ’ ಎಂದು ಹೆಸರಿಟ್ಟ ಒಂದು ಮಸುಕು ಫೋಲ್ಡರು, ಅದರೊಳಗೆ ಒಂದು ವಿಡಿಯೊ. ನಾನು ಖುಷಿಗೆ ಕೂಗಿಯೇಬಿಟ್ಟೆ. ಹಿರಿಯರು ಕಟ್ಟೆ ಇಳಿದು ಬಂದು ಪರದೆಗೆ ಬಗ್ಗಿದರು.

ಪರದೆಯಲ್ಲಿ ಒಂದು ಕಂಬಳಿ. ಕಂಬಳಿಯ ಕೆಳಗೆ ನಾಲ್ಕು ಗೊರಸು. ಮುಖ ಇಲ್ಲ, ಕೋಡಿಲ್ಲ, ಬಾಲವೂ ಇಲ್ಲ. ದೃಷ್ಟಿ ತಾಗಬಾರದೆಂದು ಯಜಮಾನರು ಟಗರಿಗೆ ಪೂರ್ತಿ ಕಂಬಳಿ ಹೊದಿಸಿ ವಿಡಿಯೊ ತೆಗೆದಿದ್ದರು!

“ಇದು ಟಗರೋ, ಚಳಿಗೆ ಕುಂತ ಮುದುಕನೋ?” ಎಂದರು ಹಿರಿಯರು. ಊರೆಲ್ಲ ನಕ್ಕಿತು. ಯಜಮಾನರು ತಲೆ ತಗ್ಗಿಸಿದರು. ಪರವೂರಿನವನು ಟಗರಿನ ಹಗ್ಗವನ್ನು ಮರದಿಂದ ಬಿಚ್ಚಿ ಹಿಡಿದ. ನನಗೆ ಅಳುವೇ ಬಂತು. ಎಷ್ಟು ಕಷ್ಟಪಟ್ಟು ಹುಡುಕಿದ್ದು ಕಂಬಳಿಯನ್ನೇ?

ಆಗ ಕಂಡೆ, ಸ್ಪೀಕರಿನ ಸ್ವಿಚ್ಚೇ ಹಾಕಿಲ್ಲ. ಹಾಕಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

“ಬಾರಲೇ ನನ್ನ ಸರದಾರಾ! ಬಾ ಬಾ ಬಾ ಬಾ! ಬೆಲ್ಲ ತಿಂತಿಯೇನಲೇ!”

ಗಂಟಲು ಗಟ್ಟಿಯಿದ್ದ ಕಾಲದ ಯಜಮಾನರ ದನಿ ಬೀದಿಯ ತುಂಬ ಮೊಳಗಿತು. ಬೇವಿನ ಮರದ ಕೆಳಗೆ ಟಗರು ಮೆಲುಕು ನಿಲ್ಲಿಸಿತು. ಕಿವಿ ನಿಮಿರಿಸಿತು. ಮರುಕ್ಷಣ ಪರವೂರಿನವನ ಕೈಯಿಂದ ಹಗ್ಗ ಕಿತ್ತುಕೊಂಡು, ಹಿರಿಯರನ್ನು ಎರಡು ಪಾಲು ಮಾಡಿ, ಜಗಲಿಗೆ ಒಂದೇ ನೆಗೆತ ನೆಗೆದು ಸ್ಪೀಕರ್ ಪೆಟ್ಟಿಗೆಯೊಳಗೆ ಮೂತಿ ತೂರಿಸಿತು. ಬೆಲ್ಲ ಇಲ್ಲ! ಸಿಟ್ಟಿಗೆ ಪೆಟ್ಟಿಗೆಗೆ ಒಂದು ಗುದ್ದು, ಕೀಬೋರ್ಡಿಗೆ ಒಂದು ಗುದ್ದು. ಕೊನೆಗೆ ಯಜಮಾನರ ವಾಸನೆ ಸಿಕ್ಕಿ ಅವರ ಎದೆಗೇ ತಲೆಯಿಟ್ಟು ನಿಂತಿತು. ಯಜಮಾನರು ಅದರ ಕೊರಳು ತಬ್ಬಿ, ಸದ್ದಿಲ್ಲದೆ, ಬರೀ ಗಾಳಿಯಲ್ಲಿ ಅತ್ತರು. ಊರು ಸಿಳ್ಳೆ ಹೊಡೆಯಿತು. ನಾನಂತೂ ಮೌಸ್ ಹಿಡಿದುಕೊಂಡೇ ಕುಣಿದುಬಿಟ್ಟೆ.

ಪರವೂರಿನವನೇ ಮೊದಲು ಮಾತಾಡಿದ. “ನಂದಲ್ಲ ಬಿಡ್ರಿ. ನಂದಕ್ಕ ಬೆಲ್ಲ ಆಗಿಬರಲ್ಲ.” ಹಿರಿಯರು ಟವೆಲ್ ಕೊಡವಿ ಎದ್ದರು. ಜನ ಮಾತ್ರ ಕದಲಲಿಲ್ಲ, ಸುತ್ತ ನಿಂತು ಟಗರನ್ನು ಬಾಯ್ತುಂಬ ಹೊಗಳಿದರು. ಎಂಥ ಕೋಡು, ಎಂಥ ಮೈಕಟ್ಟು, ಇಂಥದು ಈ ಸೀಮೆಯಲ್ಲೇ ಇಲ್ಲ ಎಂದರು.

ಯಜಮಾನರ ಮುಖ ಸಣ್ಣಗಾಗುತ್ತ ಬಂತು. ಹೆಗಲ ಮೇಲಿನ ಕಂಬಳಿ ತೆಗೆದು ಟಗರಿಗೆ ಹೊದಿಸಿದರು. ಅದು ಕೊಡವಿ ಬೀಳಿಸಿತು. ಮತ್ತೆ ಹೊದಿಸಿದರು, ಮತ್ತೆ ಬೀಳಿಸಿತು. ಕೊನೆಗೆ ನನ್ನ ಹತ್ತಿರ ಬಂದು, ಕೋಡು ಹಿಡಿದುಕೊಂಡೇ, ಕಿವಿಯಲ್ಲಿ ಉಸುರಿದರು:

“ಅಕ್ಕಾರ, ಊರೆಲ್ಲಾ ನೋಡಿಬಿಡ್ತು. ಇದಕ್ಕ ರೈಟ್ ಕ್ಲಿಕ್ ಎಲ್ಲಿ ಮಾಡ್ಬೇಕ್ರಿ?”