ನಾಲ್ಕು ದೀಪದ ಯಜಮಾನ

ಬಾಮೈದ ಸಹಾಯ ಮಾಡಲು ಹೊರಟಿದ್ದೇ ಎಡವಟ್ಟಾಯಿತು.

ದಿನಕ್ಕೆ ಎರಡೇ ವಿಮಾನ ಬರುವ ಆ ಪುಟ್ಟ ನಿಲ್ದಾಣದಲ್ಲಿ, ರನ್‌ವೇ ಪಕ್ಕ ನಾಲ್ಕು ದೀಪಗಳು ಸಾಲಾಗಿ ಕೂತಿದ್ದವು. ಇಳಿಯುವ ಪೈಲಟ್‌ಗೆ ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಬಿಳಿಯಾದರೆ ತೀರಾ ಮೇಲಿದ್ದಾನೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದಾನೆ, ಇನ್ನೇನು ನೆಲಕ್ಕೆ ಮುತ್ತಿಡುತ್ತಾನೆ. ಅವುಗಳನ್ನು ನೋಡಿಕೊಳ್ಳುವವನಿಗೆ ಎಲ್ಲರೂ ದೀಪಣ್ಣ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಹಂಗಾಮಿ ಕೆಲಸ. ಠೀವಿ ಮಾತ್ರ ಕಾಯಂ.

“ಪೈಲಟ್ ಬರೀ ಹಿಡಿ ಹಿಡ್ಕೊಂಡಿರ್ತಾನೆ. ಇಳಿಸೋನು ನಾನು,” ಎನ್ನುತ್ತಿದ್ದ.

ಅಂದು ಹನ್ನೊಂದಕ್ಕೆ ತಪಾಸಣೆಯ ವಿಮಾನ ಬರುವುದಿತ್ತು. ದೀಪ ಪಾಸಾದರೆ ಕೆಲಸ ಕಾಯಂ ಮಾಡಿಸುತ್ತೇನೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ದೀಪಣ್ಣ ಇಸ್ತ್ರಿ ಅಂಗಿ ತರಲು ಹೋಗಿ ಹತ್ತಕ್ಕೆ ಬಂದು ನೋಡಿದರೆ, ನಿಲ್ದಾಣದ ಬೆಂಕಿ ಆರಿಸುವ ಗಾಡಿ ಓಡಿಸುವ ಬಾಮೈದ ದೀಪದ ಹತ್ತಿರ ಸ್ಪ್ಯಾನರ್ ಹಿಡಿದು ನಿಂತಿದ್ದ.

“ಭಾವ, ಟೀ ಕುಡಿಸು. ನಿನ್ನ ದೀಪ ಕೆಟ್ಟಿತ್ತು. ನಾಲ್ಕೂ ಕೆಂಪು. ತಿರುಗಿಸಿ ತಿರುಗಿಸಿ ಎರಡು ಬಿಳಿ, ಎರಡು ಕೆಂಪು ಮಾಡ್ದೆ.”

“ಎಲ್ಲಿ ನಿಂತು ನೋಡ್ದೆ?”

“ರನ್‌ವೇ ತುದೀಲಿ.”

“ನೆಲದ ಮೇಲೆ ನಿಂತೋನಿಗೆ ನಾಲ್ಕೂ ಕೆಂಪೇ ಕಾಣ್ಬೇಕು ಕಣೋ. ನೀನೇನು ಹಾರ್ತಾ ಇದ್ದೆಯಾ? ಈಗ ವಿಮಾನ ನಿನ್ನ ತಲೆ ಬಾಚ್ಕೊಂಡು ಬರುತ್ತೆ.”

ಬಾಮೈದನ ಮುಖ ಗಾಳಿ ಹೋದ ಟೈರಿನಂತಾಯಿತು. ಅಪ್ಪಣೆಯಿಲ್ಲದೆ ದೀಪ ಮುಟ್ಟಿದವರಿಗೆ ಅವತ್ತೇ ಮನೆ ದಾರಿ ಎಂಬುದು ಅಲ್ಲಿಯ ನಿಯಮ. “ಅಕ್ಕನಿಗೆ ಹೇಳ್ಬೇಡ ಭಾವ. ಮ್ಯಾನೇಜರಿಗಂತೂ ಹೇಳ್ಲೇಬೇಡ.”

ದೀಪಣ್ಣ ಮೊದಲು ದೀಪಗಳನ್ನು ಆರಿಸಿದ. ಓರೆ ಅಳೆಯುವ ಮಟ್ಟಗೋಲು ಹಿಡಿದು, ಇಸ್ತ್ರಿ ಅಂಗಿಯಲ್ಲೇ ಹುಲ್ಲಿನ ಮೇಲೆ ಬೋರಲು ಬಿದ್ದು, ಒಂದೊಂದನ್ನೇ ಕೂರಿಸತೊಡಗಿದ. ತೋಟದವನು ಬಂದು ಬಗ್ಗಿದ.

“ಏನ್ ಹುಡುಕ್ತಿದೀಯಪ್ಪಾ?”

“ಇರುವೆ.”

“ಸಿಕ್ತಾ?”

“ನೀನು ಹೋದ್ರೆ ಸಿಗುತ್ತೆ.”

ನಾಲ್ಕನೆಯದು ಕೂತಾಗ ಐದೇ ನಿಮಿಷ ಉಳಿದಿತ್ತು. ದೀಪ ಹಾಕಿದ. ವಿಮಾನ ಮೂರು ಸುತ್ತು ಬಂದು, ಹತ್ತಿಯ ಮೇಲೆ ಕೂತ ಹಾಗೆ ಇಳಿಯಿತು. ತಪಾಸಣೆಯ ಸಾಹೇಬರು ಇಳಿದವರೇ ದೀಪಣ್ಣನ ಕೈ ಕುಲುಕಿದರು.

“ಕೂದಲೆಳೆಯಷ್ಟೂ ಆಚೀಚೆ ಇಲ್ಲ. ದೊಡ್ಡ ನಿಲ್ದಾಣದಲ್ಲೂ ಇಷ್ಟು ಚೊಕ್ಕವಾಗಿ ನೋಡಿಲ್ಲ. ಯಾವಾಗ ಕೂರಿಸಿದ್ರಿ?”

ದೀಪಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಕಿರುಗುಟ್ಟಿತು. ಇವತ್ತೇ ಎಂದರೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಹಿಂದೆ ಬಾಮೈದ ಬೆವರುತ್ತಿದ್ದ.

“ಆರು ತಿಂಗಳಿಂದ ಯಾರೂ ಕೈ ಇಟ್ಟಿಲ್ಲ ಸಾರ್,” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. “ನಾನು ಒಂದ್ಸಲ ಕೂರಿಸಿದ್ರೆ ಭೂಮಿ ಅಲ್ಲಾಡಿದ್ರೂ ಅದು ಅಲ್ಲಾಡಲ್ಲ. ದಿನಾ ಸುಮ್ನೆ ನೋಡಿ ಬರ್ತೀನಿ, ಅಷ್ಟೆ.”

ಸಾಹೇಬರು ಅದನ್ನು ಬರೆದುಕೊಂಡು ಮ್ಯಾನೇಜರ್ ಕಡೆ ತಿರುಗಿದರು. “ಹಾಗಾದ್ರೆ ಇದಕ್ಕೇ ಅಂತ ಒಬ್ಬ ಯಾಕ್ರೀ? ನೋಡೋಕೆ ಬೆಂಕಿ ಗಾಡಿಯವ್ರು ಸಾಕು. ಇಷ್ಟು ಚುರುಕಾದ ಇವರನ್ನ ರನ್‌ವೇ ಮೇಲೆ ಹಕ್ಕಿ ಓಡಿಸೋಕೆ ಹಾಕಿ.”

ಮ್ಯಾನೇಜರ್ ತಲೆಯಾಡಿಸಿದರು.

ಮಧ್ಯಾಹ್ನ ಹೆಂಡತಿಯ ಫೋನು ಬಂತು. “ಏನಾಯ್ತು ರೀ?”

“ನಮ್ಮ ದೀಪ ಪಾಸು ಕಣೆ. ಸಾಹೇಬ್ರು ಕೈ ಕುಲುಕಿದ್ರು. ನಿನ್ನ ತಮ್ಮನಿಗೂ ಒಂದು ಹೊಸ ಜವಾಬ್ದಾರಿ ಸಿಕ್ತು.”

“ಮತ್ತೆ ನಿಮಗೆ?”

ರನ್‌ವೇ ನಡುವೆ ಎರಡು ಕಾಗೆಗಳು ಇಳಿದವು.

“ಒಂದ್ನಿಮಿಷ ಇರು,” ಎಂದ ದೀಪಣ್ಣ, “ಕೆಲಸ ಬಂತು.”